ಎರಡನೇ ಸಹಿ

ಜೂನ್ 10, ಮಂಗಳವಾರ. ಮಧ್ಯಾಹ್ನ 1.30

ಮತ್ತೆ ನಕ್ಷೆ. ಈ ವರ್ಷ ಮೂರನೇ ಸಲ. ಬೆಂಗಳೂರಿನಿಂದ ಮೇಲ್ — ಪ್ರಾಧಿಕಾರದ ರಚನೆ ತೋರಿಸುವ ಫಲಕ ಪ್ರತಿ ಜಿಲ್ಲಾ ಘಟಕದ ಗೋಡೆಯ ಮೇಲೆ ಸಾರ್ವಜನಿಕರಿಗೆ ಕಾಣುವಂತೆ ಇರತಕ್ಕದ್ದು. ಸಾರ್ವಜನಿಕರು ಎಲ್ಲಿದ್ದಾರೆ? ಯಾದಗಿರಿಯ ಈ ಕಚೇರಿ ಕಟ್ಟಡದ ಹಿಂದಿನ ಮೂಲೆಯ ಕೋಣೆ ನಮ್ಮದು. ಸರ್ವೆ ಆಫೀಸು ಹುಡುಕುತ್ತ ಬಂದವರು ದಾರಿ ತಪ್ಪಿ ಇಣುಕುತ್ತಾರೆ. ಬೋರ್ಡು ಓದುತ್ತಾರೆ: ರಾಜ್ಯ ಪಂದ್ಯ ಮತ್ತು ಜೂಜು ನಿಯಂತ್ರಣ ಪ್ರಾಧಿಕಾರ. ನಕ್ಕು ಹೋಗುತ್ತಾರೆ.

ಡ್ರಾಯಿಂಗ್ ಶೀಟು, ಸ್ಕೇಲು, ಎರಡು ಬಣ್ಣದ ಪೆನ್ನು. ಎಲ್ಲಕ್ಕಿಂತ ಮೇಲೆ ಅಧ್ಯಕ್ಷರು, ನಿವೃತ್ತ ನ್ಯಾಯಾಧೀಶರು. ಅವರ ಕೆಳಗೆ ಇಬ್ಬರು ಸದಸ್ಯರು — ಒಬ್ಬರು ಕಾನೂನು, ಒಬ್ಬರು ನಿವೃತ್ತ ಪೊಲೀಸು. ಅವರ ಕೆಳಗೆ ಕಾರ್ಯದರ್ಶಿ. ಆಮೇಲೆ ನಾಲ್ಕು ಶಾಖೆ: ಪರವಾನಗಿ, ತಪಾಸಣೆ, ಜಾರಿ, ಸ್ವಯಂ ನಿರ್ಬಂಧ. ಅವುಗಳ ಕೆಳಗೆ ಕಲಬುರಗಿ ವಿಭಾಗ. ವಿಭಾಗದ ಕೆಳಗೆ ನಾವು. ನಮ್ಮ ಸಹಾಯಕ ನಿರ್ದೇಶಕರ ಹುದ್ದೆ ಹುಟ್ಟಿದಾಗಿನಿಂದ ಖಾಲಿ. ಕಲಬುರಗಿಯ ದುರಗಪ್ಪ ಸಾಹೇಬರು ಇನ್-ಚಾರ್ಜ್. ಮಂಗಳವಾರ ಮಾತ್ರ ಬರುತ್ತಾರೆ, ಬಂದರೆ. ಇವತ್ತು ಬಂದಿಲ್ಲ.

ಕಟ್ಟಕಡೆಯ ಚೌಕದಲ್ಲಿ 'ಸಿಬ್ಬಂದಿ' ಎಂದು ಬರೆದೆ. ಅಂದರೆ ನಾನು — ಕಂದಾಯ ಇಲಾಖೆಯಿಂದ ಇಲ್ಲಿಗೆ ಎರವಲು ಬಂದ ಗುಮಾಸ್ತೆ ಭಾರತಿ — ಮತ್ತು ಜವಾನ ಸುಲ್ತಾನಸಾಬರು.

ಸುಲ್ತಾನಸಾಬರು ಚಹಾ ಇಟ್ಟು ಬಹಳ ಹೊತ್ತು ನೋಡಿದರು. "ಅಕ್ಕೋರ, ಗೆರಿ ಎಲ್ಲಾ ಮ್ಯಾಲಿಂದ ಕೆಳಗ ಬಂದಾವ. ಕೆಳಗಿಂದ ಮ್ಯಾಲ ಹೋಗಾಕ ಯಾವ ಗೆರಿ?"

"ಅದೇ ಗೆರೀರಿ."

"ಹಂಗಾದ್ರ ಭಾಳ ಏರಬೇಕಲ್ರಿ," ಅಂದರು.

ಜೂನ್ 12, ಗುರುವಾರ

ಇವತ್ತಿನ ಟಪಾಲು ಓದಿ ಒಬ್ಬಳೇ ನಕ್ಕೆ. ನಾಗರಪಂಚಮಿಗೆ ಈ ಭಾಗದಲ್ಲಿ ನಡೆಯುವ 'ನಿಂಬೆಹಣ್ಣು ಎಸೆಯುವ ಪಂದ್ಯ'ದ ಬಗ್ಗೆ ವರದಿ ಕೊಡಬೇಕಂತೆ. ಕಾಲಂಗಳು: ಖಾಯಂ ಮೈದಾನಗಳ ಸಂಖ್ಯೆ. ಆಸನ ವ್ಯವಸ್ಥೆ. ನಿಂಬೆಹಣ್ಣು ಪೂರೈಸುವವರ ವಿಳಾಸ. ಕೊನೆಯದು — ಈ ಪಂದ್ಯ ಕೌಶಲ್ಯದ್ದೋ ಅದೃಷ್ಟದ್ದೋ, ಕಾರಣಸಹಿತ ತಿಳಿಸುವುದು.

ಆಸನವಂತೆ. ಊರ ಅಗಸಿಬಾಗಿಲಲ್ಲಿ ನಿಂತು ಎಸೆಯುವುದು, ಬಿದ್ದಲ್ಲಿಂದ ಮತ್ತೆ ಎಸೆಯುವುದು, ಊರೆಲ್ಲ ಹಿಂದೆ ಓಡುವುದು. ಇಷ್ಟೇ ಎಸೆತದಲ್ಲಿ ಹಳ್ಳ ಮುಟ್ಟಿಸುತ್ತೇನೆ ಅಂತ ಮಾತು. ಗೆದ್ದವನಿಗೆ ಕೊಬ್ಬರಿ ಬಟ್ಟಲು.

ಇದಕ್ಕೆ ಉತ್ತರ ಕೊಡಲು ಜಿಲ್ಲೆಯಲ್ಲಿ ದೇವುಗಿಂತ ದೊಡ್ಡ ಪಂಡಿತ ಯಾರೂ ಇಲ್ಲ. ನನ್ನ ತಮ್ಮ. ಇಪ್ಪತ್ತೊಂಬತ್ತು. ನಮ್ಮ ತವರೂರು ಗೋಗಿಯ ಅಗಸಿಯಿಂದ ಹಳ್ಳದ ಸೇತುವೆಗೆ ಹದಿನೇಳು ಎಸೆತ. ಆ ಲೆಕ್ಕ ಇನ್ನೂ ಯಾರೂ ಮುರಿದಿಲ್ಲ. ಅವ್ವ ಹೋದಾಗ ಅವನಿಗೆ ನಾಲ್ಕು ವರ್ಷ, ನನಗೆ ಹದಿನಾರು. ಸೊಂಟದ ಮೇಲೆ ಹೊತ್ತು ಬೆಳೆಸಿದ್ದೇನೆ. ನನ್ನ ಮದುವೆಯಾದ ಮೇಲೆ ಪ್ರತಿ ಪಂಚಮಿಗೆ ಎಸೆಯುವ ನಿಂಬೆಹಣ್ಣು ಕಿಸೆಯಲ್ಲಿಟ್ಟುಕೊಂಡು ಕರೆಯಲು ಬರುತ್ತಿದ್ದ. ನನ್ನವರು ತೀರಿಕೊಂಡು, ಅವರ ನೌಕರಿ ನನಗೆ ಬಂದ ಮೇಲೂ ಬಂದ. ಒಂದು ವರ್ಷವೂ ತಪ್ಪಿಸಿಲ್ಲ.

ಮೂರು ಸಲ ಫೋನು ಮಾಡಿದೆ. ಎತ್ತಲಿಲ್ಲ.

ಜೂನ್ 22, ಭಾನುವಾರ. ಗೋಗಿ

ಬಾಗಿಲಿಗೆ ಬೀಗ. ಕಟ್ಟೆಯ ಮೇಲೆ ದೇವು ಒಬ್ಬನೇ, ಹೆಂಡತಿ ಕಾಣಲಿಲ್ಲ. ಕೈಯಲ್ಲಿ ಫೋನು. ನಾನು ಎದುರು ನಿಂತಿದ್ದು ಗೊತ್ತಾಗಲಿಲ್ಲ. ಕೆಂಪು, ಹಸಿರು, ಕೆಂಪು. ಬಣ್ಣದ ಮೇಲೆ ದುಡ್ಡು ಕಟ್ಟುವುದು, ನಿಮಿಷಕ್ಕೊಂದು ಆಟ. ಮುಖ ನೋಡಿದರೆ ತಾನು ದುಡಿಯುವ ಕಡೇಚೂರಿನ ಔಷಧ ಕಂಪನಿಯಲ್ಲಿ ಎರಡು ಶಿಫ್ಟು ಸೇರಿಸಿ ಮಾಡಿ ಬಂದವನಂತೆ.

"ಮೌನೇಶ್ವರಿ ಎಲ್ಲಿ?"

"ತವರಿಗಿ, ದೇವಾಪುರಕ್ಕ ಹೋಗ್ಯಾಳ."

"ಯಾವಾಗ ಬರ್ತಾಳ?"

ಬೆರಳು ಮತ್ತೆ ಹಸಿರು ಒತ್ತಿತು. ಬೈಕು ಇಲ್ಲ. ಎಮ್ಮೆ ಇಲ್ಲ. ಗೂಟ ಇದೆ. ಜೂಜು ನಿಯಂತ್ರಿಸುವ ಕಚೇರಿಯಲ್ಲಿ ದಿನವೂ ಕೂತು ಎದ್ದು ಬರುವ ನನಗೆ ಮನೆಯೊಳಗಿನದು ಕಾಣಲಿಲ್ಲ. ಇಲ್ಲ, ಕಂಡಿತ್ತು. ಹೋದ ದೀಪಾವಳಿಗೇ ಕಂಡಿತ್ತು. ಬಿಡಿಸಿಕೊಳ್ಳುತ್ತಾನೆ ಅಂದುಕೊಂಡೆ.

ಅಲ್ಲಿಂದಲೇ ಮೌನೇಶ್ವರಿಗೆ ಫೋನು ಮಾಡಿದೆ. ಅಳಲಿಲ್ಲ ಆ ಹುಡುಗಿ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು.

"ಆಣಿ ಎಷ್ಟ ಸಲ ಹಾಕ್ಯಾನ ಯಕ್ಕಾ, ನೀವ ಲೆಕ್ಕ ಇಟ್ಟೀರೇನು? ನನ್ನ ತಲಿ ಮ್ಯಾಲ ಹಾಕ್ಯಾನ. ನಿಮ್ಮವ್ವನ ಮ್ಯಾಲ ಹಾಕ್ಯಾನ. ಇನ್ನ ಆಣಿ ಬ್ಯಾಡ. ನಿಮ್ಮ ಆಫೀಸಿನ್ಯಾಗ ಹೆಸರ ಬಂದ್ ಮಾಡೋ ಕಾಗದ ಅದ ಅಂತ ನೀವ ಹೇಳಿದ್ರಿ. ಅದನ್ನ ಕೈಯಾಗ ಹಿಡ್ಕೊಂಡ ಬರ್ಲಿ. ಅವತ್ತ ನಾ ಟ್ರಂಕ್ ಎತ್ಕೊಂಡ ಬಸ್ ಹತ್ತತೇನಿ."

"ಮಾಡಸ್ತೇನವಾ. ಟೈಮ್ ಹಿಡಿತದ."

"ಪಂಚಮಿ ತನಕ ನಮ್ಮ ಹಿರ್ಯಾರ ಸುಮ್ನ ಇರ್ತಾರ. ದಾಟಿದ್ರ ಬಿಡುಗಡಿ ಮಾಡಸ್ತಾರ, ನಾ ಹೇಳಿದ್ರೂ ಕೇಳಂಗಿಲ್ಲ."

ದೇವು ಎಲ್ಲ ಕೇಳಿಸಿಕೊಂಡ. ಫೋನನ್ನು ಕಟ್ಟೆಯ ಮೇಲೆ ಮಗುಚಿ ಇಟ್ಟ. "ಯಕ್ಕಾ, ಆ ಕಾಗದ ಮಾಡ್ಸು. ನಂಗ ನನ್ನ ಕೈ ಮ್ಯಾಲ ಭರೋಸಾ ಇಲ್ಲ. ಸರಕಾರದ ಮ್ಯಾಲ ಅದ."

ಅಷ್ಟು ಭರೋಸೆ ಇಡಬೇಡ ಅಂತ ಬಾಯಿಗೆ ಬಂತು. ನುಂಗಿದೆ.

ಜುಲೈ 1, ಮಂಗಳವಾರ

ದೇವರ ದಯೆ, ಸಾಹೇಬರು ಬಂದರು. ಮೊದಲ ಸಹಿ ಆಯಿತು.

ಸ್ವಯಂ ನಿರ್ಬಂಧದ ನಿಯಮ ಬಾಯಿಪಾಠವಾಗಿದೆ ನನಗೆ. ಅರ್ಜಿದಾರ ಸಹಾಯಕ ನಿರ್ದೇಶಕರ ಎದುರು ಸಹಿ ಹಾಕಬೇಕು. ಇಪ್ಪತ್ತೊಂದು ದಿನ ಬಿಟ್ಟು, ಇಪ್ಪತ್ತೆಂಟು ದಿನದೊಳಗೆ, ಅದೇ ಕಚೇರಿಯಲ್ಲಿ, ಅವರ ಎದುರೇ ಎರಡನೇ ಸಹಿ. ಮನಸ್ಸು ಗಟ್ಟಿಯಿದೆಯೋ ಇಲ್ಲವೋ ನೋಡಲಿಕ್ಕಂತೆ. ಆಮೇಲೆ ಫೈಲು ಮೇಲಕ್ಕೆ ಹೋಗಿ, ಆದೇಶವಾಗಿ, ದುಡ್ಡಿನ ಆಟದ ಎಲ್ಲ ಕಂಪನಿಗಳೂ ಆ ಹೆಸರು, ಆ ನಂಬರು ಮುಚ್ಚಬೇಕು. ಅವಧಿ ಮೀರಿದರೆ ಅರ್ಜಿ ರದ್ದು. ಹೊಸ ಅರ್ಜಿ ಆರು ತಿಂಗಳ ಮೇಲೆ.

ಜುಲೈ 22ರಿಂದ 29. ಎರಡು ಮಂಗಳವಾರ ಸಿಗುತ್ತವೆ. ಎರಡನೆಯದೇ ಪಂಚಮಿ.

ಸಂಬಂಧಿಕರ ಅರ್ಜಿಯಲ್ಲಿ ಸಿಬ್ಬಂದಿ ಕೈ ಹಾಕಬಾರದು. 'ಅರ್ಜಿದಾರರು ನನ್ನ ಸ್ವಂತ ತಮ್ಮ' ಅಂತ ಟಿಪ್ಪಣಿ ಬರೆದಿಟ್ಟು ಹೊರಗಿನ ಬೆಂಚಿನ ಮೇಲೆ ಕೂತೆ. ಫೈಲಿನ ಮೇಲೆ ಸುಲ್ತಾನಸಾಬರ ಅಕ್ಷರ: ದೇವಿಂದ್ರಪ್ಪ ತಂದೆ ಮರಿಲಿಂಗಪ್ಪ, ಸಾಕಿನ್ ಗೋಗಿ. ಬಾಗಿಲ ಸಂದಿಯಿಂದ ಅವನ ಬಲಗೈ ಅಷ್ಟೇ ಕಾಣುತ್ತಿತ್ತು. ಹದಿನೇಳು ಎಸೆತದ ಕೈ. ಪೆನ್ನು ಹಿಡಿದು ನಿಧಾನಕ್ಕೆ ಹೆಸರು ಬರೆಯುತ್ತಿತ್ತು.

ಹೊರಗೆ ಬಂದು, "ನೀ ಒಳಗ ಇರ್ತಿ ಅಂದ್ಕೊಂಡಿದ್ದೆ," ಅಂದ.

"ರೂಲ್ ಅದ ತಮ್ಮಾ."

"ಇರ್ಲಿ ಬಿಡು," ಅಂದ. ನಕ್ಕ. ತಿಂಗಳುಗಳ ಮೇಲೆ ನಕ್ಕಿದ್ದು ನೋಡಿದೆ. ಒಳ್ಳೆಯ ದಿನ.

ಜುಲೈ 8, ಮಂಗಳವಾರ. ಸಂಜೆ 5

ಸಾಹೇಬರು ಬರಲಿಲ್ಲ. ವಿಡಿಯೋ ಕಾನ್ಫರೆನ್ಸ್.

ಸುರಪುರದಿಂದ ಮಸ್ತಾನಬಿ ಗಂಡನನ್ನು ಎಳೆದುಕೊಂಡು ಬಂದಿದ್ದಳು. ಟೇಲರ್ ಆತ. ಎರಡನೇ ಸಹಿಗೆ ಇವತ್ತೇ ಕೊನೆಯ ದಿನ. ಸಾಹೇಬರಿಲ್ಲ ಅಂದ ಕೂಡಲೇ ಆಕೆ ನೆಲದ ಮೇಲೆ ಕೂತುಬಿಟ್ಟಳು. "ಎರಡ ಬಸ್ ಬದಲಿಸಿ ಬಂದೇನ್ರಿ ಬಾಯಿ. ಈತನ್ನ ಇನ್ನೊಮ್ಮಿ ಇಲ್ಲಿತನ ತರೂದ ನನ್ನ ಕೈಲಿ ಆಗಂಗಿಲ್ಲ."

ಆತನ ಸಹಿ ತೆಗೆದುಕೊಂಡು ಕಂಪ್ಯೂಟರಿಗೆ ಏರಿಸಿದೆ. ಸಾಹೇಬರ ಜಾಗ ಖಾಲಿ ಬಿಟ್ಟೆ. ಮುಂದಿನ ಮಂಗಳವಾರ ಅವರು ಇವತ್ತಿನ ತಾರೀಖು ಹಾಕಿ ಸಹಿ ಮಾಡುತ್ತಾರೆ. ಮೊದಲೂ ಎರಡು ಸಲ ಹೀಗೇ ಮಾಡಿದ್ದೇವೆ. ತಪ್ಪು, ಗೊತ್ತು. ಆದರೆ ಆ ಹೆಂಗಸಿನ ಮುಖ ನೋಡಿ ಇಲ್ಲ ಅನ್ನಲು ಆಗಲಿಲ್ಲ.

ಜುಲೈ 16, ಬುಧವಾರ

ಮಸ್ತಾನಬಿಯ ಫೈಲಿಗೆ ನಿನ್ನೆ ಸಾಹೇಬರು ಸಹಿ ಹಾಕಿದರು. ಓದಲೂ ಇಲ್ಲ.

ದೇವು ಶಿಫ್ಟು ಮುಗಿಸಿ ಮನೆಗೆ ಬಂದಿದ್ದ. ಹದಿನೈದು ದಿನ ಆಡಿಲ್ಲ. ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಊಟ ಮಾಡುವಾಗ ಗೊತ್ತಾಗುತ್ತದೆ. ಎಡಗೈ ಖಾಲಿ ಇತ್ತು. ಮೂರು ರೊಟ್ಟಿ ತಿಂದ, ಪುಂಡಿಪಲ್ಯ ಇನ್ನಷ್ಟು ಹಾಕಿಸಿಕೊಂಡ.

ನಿಂಬೆಹಣ್ಣಿನ ವರದಿ ತೆಗೆದೆ. "ಹೇಳಪಾ ಪಂಡಿತ. ಕೌಶಲ್ಯದ್ದೋ, ನಸೀಬದ್ದೋ?"

ಕೈ ತೊಳೆದುಕೊಂಡು ಬಂದು ಕೂತು ಯೋಚಿಸಿದ. ಅಷ್ಟು ಗಂಭೀರವಾಗಿ ಯಾವ ಅಧಿಕಾರಿಯೂ ಯೋಚಿಸಿರಲಿಕ್ಕಿಲ್ಲ. "ಹಣ್ಣ ಕೈ ಬಿಡೂತನ ನಂದ. ಬಿಟ್ಟ ಮ್ಯಾಲ ಗಾಳೀದು. ಇಬ್ಬರ್ದೂ ಅದ ಅಂತ ಬರಿ." ಆಮೇಲೆ, "ಮೊಬೈಲ್‌ದಾಗ ಕೈಯಾಗ ಹಿಡಿದಾಗೂ ನಂದಲ್ಲ. ಅದನ್ನ ಬರೀಬ್ಯಾಡ," ಅಂದ.

ಹೋಗುವಾಗ ಚಪ್ಪಲಿ ಹಾಕಿಕೊಳ್ಳುತ್ತ — "ಪಂಚಮಿಗಿ ರಜಾ ಹಾಕೇನಿ. ಸಹಿ ಮುಗಿಸಿ ಅಲ್ಲಿಂದ ನಿನ್ನ ಗೋಗಿಗಿ ಕರ್ಕೊಂಡ ಹೋಗ್ತೇನಿ. ಮರುದಿನ ದೇವಾಪುರ."

ಇಷ್ಟು ದಿನಕ್ಕೆ ಇವತ್ತು ಹಗುರ.

ಜುಲೈ 22, ಮಂಗಳವಾರ

ದೇವು ಹತ್ತು ಗಂಟೆಗೇ ಬಂದು ಬೆಂಚಿನ ಮೇಲೆ ಕೂತ. ಅಂಗಿ ಇಸ್ತ್ರಿ ಮಾಡಿಸಿಕೊಂಡಿದ್ದ.

ಮಧ್ಯಾಹ್ನ ಮೂರಕ್ಕೆ ವಾಟ್ಸ್ಯಾಪ್. ಅಧ್ಯಕ್ಷರ ಅವಧಿ ಮುಗಿಯಿತಂತೆ. ಬೀಳ್ಕೊಡುಗೆಗೆ ರಾಜ್ಯದ ಎಲ್ಲ ಅಧಿಕಾರಿಗಳೂ ಬೆಂಗಳೂರಿನಲ್ಲಿ. ಫೋಟೋ ಬೇರೆ ಕಳಿಸಿದ್ದಾರೆ. ಶಾಲು, ಹಾರ, ಹಣ್ಣಿನ ಬುಟ್ಟಿ. ಹಿಂದಿನ ಸಾಲಿನಲ್ಲಿ ನಮ್ಮ ದುರಗಪ್ಪ ಸಾಹೇಬರು, ಕಣ್ಣು ಮುಚ್ಚಿದ್ದಾರೆ.

ಹೊಸ ಅಧ್ಯಕ್ಷರು? ಇನ್ನೂ ನೇಮಕವಿಲ್ಲ. ಮೇಲಿನ ಚೌಕಕ್ಕೆ ಬಿಳಿ ಚೀಟಿ ಅಂಟಿಸಿ 'ಖಾಲಿ' ಅಂತ ಬರೆಯಲು ಸೂಚನೆ. ಬರೆದೆ.

"ಮುಂದಿನ ಮಂಗಳವಾರ ಅದಲ್ಲ ಯಕ್ಕಾ," ದೇವು ಅಂದ. ಸಮಾಧಾನ ಅವನೇ ನನಗೆ ಹೇಳಿದ.

ಜುಲೈ 25, ಶುಕ್ರವಾರ

ಸಾಹೇಬರಿಗೆ ಫೋನು. ಮಂಗಳವಾರ ಖಂಡಿತ ಬರಬೇಕು, ತಮ್ಮನದು ಕೊನೆಯ ದಿನ ಅಂದೆ. "ಬರ್ತೇನಮ್ಮ, ಯಾಕ ಗಾಬ್ರಿ ಆಗ್ತಿ," ಅಂದರು. ಎರಡು ಸಲ ಅಂದರು.

ಎಳ್ಳುಂಡಿ ಕಟ್ಟಿಟ್ಟೆ. ಶೇಂಗಾದುಂಡಿ ನಾಳೆ. ಮೌನೇಶ್ವರಿಗೆಂದು ಒಂದು ಡಬ್ಬಿ ಬೇರೆ.

ಜುಲೈ 29, ಮಂಗಳವಾರ. ನಾಗರಪಂಚಮಿ

ಬರೆಯಬೇಕು. ಇವತ್ತೇ ಬರೆಯದಿದ್ದರೆ ನಾಳೆ ನನಗೆ ಅನುಕೂಲವಾಗುವಂತೆ ಬರೆಯುತ್ತೇನೆ.

ಹತ್ತೂವರೆಗೆ ದೇವು ಬಂದ. ಅದೇ ಇಸ್ತ್ರಿ ಅಂಗಿ. ಕಿಸೆಯಲ್ಲಿ ನಿಂಬೆಹಣ್ಣು. ಸಂಜೆ ಗೋಗಿಯಲ್ಲಿ ಎಸೆಯುವುದಿತ್ತು.

ಹನ್ನೆರಡಕ್ಕೆ ಸಾಹೇಬರ ಮೆಸೇಜು. ಹಬ್ಬ, ಮನೆಯಲ್ಲಿ ಬಿಡಲಿಲ್ಲ, ನಿರ್ಬಂಧಿತ ರಜೆ ಹಾಕಿದ್ದೇನೆ. ಫೋನು ಮಾಡಿದೆ. ಸ್ವಿಚ್ ಆಫ್. ಕಲಬುರಗಿ ವಿಭಾಗಕ್ಕೆ ಮಾಡಿದೆ. ಅಲ್ಲಿ ಎತ್ತಿದವನು ಕಾವಲುಗಾರ.

ಸುಲ್ತಾನಸಾಬರು ನನ್ನ ಟೇಬಲ್ಲಿನ ಹತ್ತಿರ ಬಂದು ದನಿ ತಗ್ಗಿಸಿ ಅಂದರು: "ಸಹಿ ತಗೊಂಡ ಇಡ್ರಿ ಅಕ್ಕೋರ. ಮುಂದಿನ ವಾರ ಸಾಹೇಬರ ಹಾಕ್ತಾರ. ಮಸ್ತಾನಬಿ ಗಂಡಂದ ತಗೊಂಡಿದ್ರಲ್ಲ."

"ಅವರ ಬ್ಯಾರೆ. ಇವ ನನ್ನ ತಮ್ಮ ಇದ್ದಾನ್ರಿ."

"ಅದಕ್ಕ ಹೇಳಾಕತ್ತೇನಿ."

ಫೈಲು ತೆರೆದೆ. ನನ್ನದೇ ಟಿಪ್ಪಣಿ — ಅರ್ಜಿದಾರರು ನನ್ನ ಸ್ವಂತ ತಮ್ಮ. ಅದರ ಕೆಳಗೆ ನಾನೇ ಸಹಿ ತೆಗೆದುಕೊಂಡರೆ? ಯಾರಾದರೂ ಅನಾಮಧೇಯ ಅರ್ಜಿ ಗೀಚಿದರೆ? ಗಂಡ ಸತ್ತು ನೌಕರಿಗೆ ಬಂದವಳ ಮೇಲೆ ಬರೆಯುವವರಿಗೆ ಬರವಿಲ್ಲ, ಒಮ್ಮೆ ಅನುಭವಿಸಿದ್ದೇನೆ. ದೇವುನ ಅರ್ಜಿಯೇ ಅಸಿಂಧುವಾದರೆ? ಹೀಗೆಲ್ಲ ಯೋಚಿಸಿದೆ. ಎಲ್ಲ ಖರೆ. ಆದರೆ ಎಲ್ಲಕ್ಕಿಂತ ಮೊದಲು ಬಂದ ಯೋಚನೆ ಬೇರೆ — ತಮ್ಮನಿಗೋಸ್ಕರ ಮಾಡಿದಳು ಅನ್ನಬಾರದು. ಅಷ್ಟೇ. ಮೂರು ಜನ ಪರಕೀಯರಿಗೆ ಮುರಿದ ನಿಯಮವನ್ನು ನನ್ನ ತಮ್ಮನಿಗೆ ಮಾತ್ರ ಪಾಲಿಸಿದೆ. ಊರಿಗೆ ಉಪಕಾರಿ, ಮನೆಗೆ ಮಾರಿ.

ಹೊರಗೆ ಹೋಗಿ ಹೇಳಿದೆ. ಸುಲ್ತಾನಸಾಬರ ಮಾತು ಅವನ ಕಿವಿಗೂ ಬಿದ್ದಿತ್ತೇನೋ. ದೇವು ಬೇಡಿಕೊಳ್ಳಲಿಲ್ಲ. ನನ್ನ ಮುಖವನ್ನೇ ನೋಡಿದ.

"ನೀ ತಗೊಂಡ್ರ ಆಗಂಗಿಲ್ಲೇನು?"

"ಆಗಂಗಿಲ್ಲಪಾ."

"ಆ ಚೀಟಿ ತೋರ್ಸಿದ್ರ ಅಕಿ ಬರ್ತಿದ್ಳು ಯಕ್ಕಾ."

"ಆರ ತಿಂಗಳಿಗಿ ಮತ್ತ ಹಾಕೋಣು."

ಆರು ತಿಂಗಳು! ಹದಿನೇಳು, ಹದಿನೆಂಟು ಅಂತ ದಿನ ಎಣಿಸಿ ಇಪ್ಪತ್ತೆಂಟಕ್ಕೆ ತಂದು ನಿಲ್ಲಿಸಿದವನಿಗೆ ಆರು ತಿಂಗಳು ಅಂದೆ. ನನ್ನ ನಾಲಿಗೆಗೆ ಏನಾಗಿತ್ತು.

ಐದೂವರೆ ತನಕ ಕೂತಿದ್ದ. ಸಾಹೇಬರು ಬಂದೇ ಬರುತ್ತಾರೆ ಅನ್ನುವ ಹಾಗೆ. ಸುಲ್ತಾನಸಾಬರು ಬಾಗಿಲು ಹಾಕಲು ಎದ್ದಾಗ ಎದ್ದ. ಕಿಸೆಯಿಂದ ನಿಂಬೆಹಣ್ಣು ತೆಗೆದು ನನ್ನ ಕೈಗಿಟ್ಟ. "ಈ ವರ್ಷ ಒಗಿಯಂಗಿಲ್ಲ." ಉಂಡಿಯ ಡಬ್ಬಿ ತಗೋ ಅಂದೆ. ತಗೊಳ್ಳಲಿಲ್ಲ. ಗೋಗಿಗೆ ನಡಿ ಅಂತಲೂ ಅನ್ನಲಿಲ್ಲ.

ಮೊದಲ ಪಂಚಮಿ, ನಾನು ತವರಿಗೆ ಹೋಗದ್ದು.

ಜುಲೈ 30

ಏನು ಬರೆಯಲಿ.

ಆಗಸ್ಟ್ 5, ಮಂಗಳವಾರ

ಸಾಹೇಬರು ಹತ್ತಕ್ಕೇ ಬಂದರು. ಮನೆಯಿಂದ ಹಬ್ಬದ ಉಂಡಿ ತಂದಿದ್ದರು. ಫೈಲು ಮುಂದಿಟ್ಟೆ. ತಿರುವಿ ಹಾಕಿದರು.

"ಸಹಿ ಎಲ್ಲಮ್ಮ?"

"ನೀವಿರಲಿಲ್ರಿ ಸರ್."

"ತಗೊಂಡ ಇಡಬೇಕಿಲ್ಲೇನು? ನಾ ಹಾಕ್ತಿದ್ನಲ್ಲ. ಉಳಿದವ್ರದ ಹಂಗ ಮಾಡಿಲ್ಲೇನು ನಾವ?"

"ತಮ್ಮ ಅಂತ..."

ಕನ್ನಡಕ ತೆಗೆದು ನನ್ನನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ತಪ್ಪ ನಂದ ಅದ. ಆದ್ರ ನೀ ಎಂಥ ಹುಚ್ಚಿ ಅದಿಯವ್ವ," ಅಂದರು, ಮೆಲ್ಲಗೆ.

ಇವತ್ತಿನ ತಾರೀಖಿನ ಬದಲು ಹಿಂದಿನದು ಹಾಕೋಣವೇ ಅಂತ ನಾನೇ ಕೇಳಿದೆ. ಹೌದು, ನಾನು. ಅರ್ಜಿದಾರನ ಸಹಿ ಏರಿಲ್ಲವೆಂದು ಕಂಪ್ಯೂಟರು ಮೂವತ್ತನೇ ತಾರೀಖಿಗೇ ಅರ್ಜಿ ರದ್ದು ಮಾಡಿ ಮುಚ್ಚಿತ್ತು.

ಆಗಸ್ಟ್ 7, ಗುರುವಾರ

ದಾರಿ ಒಂದೇ ಇದೆ. ವಿಳಂಬ ಮನ್ನಾ. ಸಾಹೇಬರು ತಮ್ಮ ತಪ್ಪು ಒಪ್ಪಿ ಬರೆದುಕೊಟ್ಟರು, ಅದು ದೊಡ್ಡದು. ವಿಭಾಗಕ್ಕೆ ಕಳಿಸಿ, ಕಾರ್ಯದರ್ಶಿಯ ಕಚೇರಿಗೆ ಫೋನು ಮಾಡಿದೆ. ಅಲ್ಲಿನ ಗುಮಾಸ್ತೆ ಒಳ್ಳೆಯವಳು. ತಾಳ್ಮೆಯಿಂದ ಹೇಳಿದಳು — ವಿಳಂಬ ಮನ್ನಾ ಮಾಡುವ ಅಧಿಕಾರ ಅಧ್ಯಕ್ಷರೊಬ್ಬರಿಗೇ. ಸದಸ್ಯರಿಗಿಲ್ಲ. ಕಾರ್ಯದರ್ಶಿಗಿಲ್ಲ. ಅಧ್ಯಕ್ಷರು ಇಲ್ಲ.

ಯಾವಾಗ ಬರುತ್ತಾರೆ?

ಆಯ್ಕೆ ಸಮಿತಿ ರಚನೆ ಆಗಬೇಕು ಅಂದಳು.

ಗೋಡೆಯ ಮೇಲಿನ ಬಿಳಿ ಚೀಟಿ ನೋಡುತ್ತ ಕೂತೆ. ನನ್ನದೇ ಅಕ್ಷರ.

ನಿಂಬೆಹಣ್ಣಿನ ವರದಿಗೆ ಉತ್ತರ ಬಂದಿದೆ. ಒಂಬತ್ತು ದಿನದಲ್ಲಿ ಮೇಲೆ ಹತ್ತಿ ಕೆಳಗೆ ಇಳಿದಿದೆ. 'ಸಾಂಪ್ರದಾಯಿಕ ಕ್ರೀಡೆ, ಪರವಾನಗಿ ಅಗತ್ಯವಿಲ್ಲ, ಕಡತ ಮುಕ್ತಾಯ.' ದೇವುಗೆ ಹೇಳಿದರೆ ನಗುತ್ತಿದ್ದ. ಫೋನು ಎತ್ತುತ್ತಿಲ್ಲ. ಎಂಗೇಜ್ ಬರುತ್ತದೆ, ಇಲ್ಲವೇ ಕಟ್ ಮಾಡುತ್ತಾನೆ. ಮತ್ತೆ ಆಡುತ್ತಿದ್ದಾನೆ. ಪಂಚಮಿಯ ಸಂಜೆಯೇ ಶುರುವಾಗಿದೆಯಂತೆ, ಯಾದಗಿರಿಯ ಬಸ್ ಸ್ಟ್ಯಾಂಡಿನಲ್ಲೇ.

ಆಗಸ್ಟ್ 17, ಭಾನುವಾರ

ದೇವಾಪುರದಿಂದ ಈಗ ಬಂದೆ. ಶಹಾಪುರದಲ್ಲಿ ಬಸ್ಸು ಬದಲಿಸಿಕೊಂಡು.

ಸೋಡಚೀಟಿ ಆಯಿತು. ನಮ್ಮ ಕಡೆ ಬೇರ್ಪಡೆಯ ಕಾಗದಕ್ಕೆ ಹಾಗನ್ನುತ್ತಾರೆ. ಮೌನೇಶ್ವರಿಯ ಅಪ್ಪನ ಮನೆಯ ಪಡಸಾಲೆ. ಜಮಖಾನೆ ಹಾಸಿತ್ತು. ಆ ಕಡೆ ಐದು ಹಿರಿಯರು. ಈ ಕಡೆ ನಾನು, ದೇವು. ಒಬ್ಬ ಹಿರಿಯರು ಕೇಳಿದರು, ಹೆಸರು ಬಂದ್ ಮಾಡಿಸುತ್ತೇನೆ ಅಂದವನು ಯಾಕೆ ಮಾಡಿಸಲಿಲ್ಲ? ಸಹಿಗೆ ಹೋಗಲೇ ಇಲ್ಲವಲ್ಲ?

ಅಲ್ಲಿಯ ತನಕ ತಲೆ ತಗ್ಗಿಸಿ ಕೂತಿದ್ದ ದೇವು ಆಗ ಮಾತಾಡಿದ.

"ಹೋಗಿದ್ದೇನ್ರಿ. ಎರಡ ಸಲ ಹೋಗಿದ್ದೆ. ಸಾಹೇಬ ಇರಲಿಲ್ಲ. ಅಕ್ಕ ತಗೋಬಹುದಿತ್ತು, ಮಂದೀದ ತಗೊಂಡಾಳ. ಆದ್ರ ಅಕ್ಕಂದ ತಪ್ಪಿಲ್ರಿ. ಸರಕಾರಿ ನೌಕರಿ. ನಾ ತಮ್ಮ ಆಗಿದ್ದ ತಪ್ಪ."

ನನ್ನನ್ನು ಉಳಿಸಲಿಕ್ಕೆ ಹೇಳಿದ. ಮನಸ್ಸಿನಲ್ಲಿ ಕಹಿ ಇಟ್ಟು ಹೇಳಲಿಲ್ಲ, ನಾನು ಬೆಳೆಸಿದ ಕೂಸು, ನನಗೆ ಗೊತ್ತು.

ಒಳಗಿನ ಬಾಗಿಲಲ್ಲಿ ಮೌನೇಶ್ವರಿ ನಿಂತಿದ್ದಳು. ಎಲ್ಲ ಮುಗಿದ ಮೇಲೆ ನೀರು ತಂದುಕೊಟ್ಟಳು. "ನಿಮ್ಮ ಕೈಯಾಗ ಇತ್ತೇನು ಯಕ್ಕಾ?" ಅಂದಳು. ಅಷ್ಟೇ. ಈ ಸಲ ಅಳುತ್ತಿದ್ದಳು. ಸಮಾಧಾನದ ಒಂದು ಮಾತೂ ನನ್ನ ಬಾಯಲ್ಲಿ ಇರಲಿಲ್ಲ.

ಅಲ್ಲಿ ದೇವು ಹಾಕಿದ ಸಹಿಗೆ ಎರಡನೇ ದಿನ ಬೇಕಾಗಲಿಲ್ಲ. ಒಂದೇ ಸಹಿಗೆ ಎಲ್ಲ ಮುಗಿಯಿತು.

ಆಗಸ್ಟ್ 21, ಗುರುವಾರ

ಟಪಾಲು ಕೊಟ್ಟು ಬರಲು ಡಿ.ಸಿ. ಆಫೀಸಿಗೆ ಹೋಗಿದ್ದೆ. ಅರ್ಧ ಗಂಟೆ ಆಗಿರಬಹುದು. ತಿರುಗಿ ಬಂದಾಗ ಟೇಬಲ್ಲಿನ ಮೇಲೆ ಪ್ಲಾಸ್ಟಿಕ್ ಚೀಲ. ಒಳಗೆ ದೇವುನ ಫೋನು, ಚಾರ್ಜರು.

"ತಮ್ಮ ಬಂದಿದ್ದ," ಸುಲ್ತಾನಸಾಬರು ಅಂದರು. "ಅಕ್ಕಗ ಕೊಡ್ರಿ, ಇದ ಇನ್ನ ನಂಗ ಬ್ಯಾಡ ಅಂದ. ಕುಂದ್ರಪಾ, ಈಗ ಬರ್ತಾರ ಅಂದೆ. ಕುಂಡ್ರಲಿಲ್ರಿ. ಸ್ಟೇಷನ್ ಕಡಿಗಿ ಹ್ವಾದ."

ಓಡಿದೆ. ಆಟೋ ಕೂಡ ನೆನಪಾಗಲಿಲ್ಲ, ಓಡಿದೆ. ಪ್ಲಾಟ್‌ಫಾರ್ಮಿನಲ್ಲಿ ಯಾವುದೋ ಗಾಡಿ ಆಗತಾನೆ ಬಿಟ್ಟಿತ್ತು. ಎಲ್ಲಿಗೆ ಹೋಗುವುದು ಅಂತ ಕೇಳಿದೆ. ಆ ಕಡೆ ಮುಂಬೈ ಅಂದರು. ಅದಕ್ಕೂ ಮೊದಲು ಇನ್ನೊಂದು ಹೋಯಿತು, ಅದು ಚೆನ್ನೈ ಕಡೆ.

ಕಂಪನಿಯಲ್ಲಿ ವಿಚಾರಿಸಿದೆ. ನಿನ್ನೆಯೇ ಲೆಕ್ಕ ಮುಗಿಸಿದ್ದಾನೆ.

ಸೆಪ್ಟೆಂಬರ್ 19, ಶುಕ್ರವಾರ. ಬೆಳಿಗ್ಗೆ 7

ಇಪ್ಪತ್ತೊಂಬತ್ತು ದಿನ. ಠಾಣೆಯಲ್ಲಿ ಬರೆಸಿದ್ದೇನೆ. ಕಾಣೆಯಾದ ವ್ಯಕ್ತಿಯ ಗುರುತು ಏನು ಅಂದರು. ಬಲಗೈ ಬಲ ಜಾಸ್ತಿ ಅಂದೆ. ಪೊಲೀಸಿನವನು ಪೆನ್ನು ನಿಲ್ಲಿಸಿ ನೋಡಿದ.

ಪ್ರತಿ ದಿನ ಬೆಳಿಗ್ಗೆ ಎದ್ದು ಮೊದಲು ಅವನ ಫೋನು ಚಾರ್ಜಿಗೆ ಹಾಕುತ್ತೇನೆ. ಆಮೇಲೆ ಒಲೆ. ಅವನಿಗೆ ಬಾಯಿಪಾಠ ಬರುವುದು ಎರಡೇ ನಂಬರು, ನನ್ನದು, ತನ್ನದು. ನನಗೆ ಮಾಡಲು ಮನಸ್ಸಾಗದಿದ್ದರೆ ತನ್ನದಕ್ಕೆ ಮಾಡಬಹುದು. ರೀಚಾರ್ಜ್ ಮಾಡಿಸುತ್ತಿದ್ದೇನೆ. ಆ ಆಟದ್ದು ದಿನಕ್ಕೆ ಏಳೆಂಟು ಸಲ ಬರುತ್ತದೆ — ದೇವು, ನೀವು ಯಾಕೆ ಬಂದಿಲ್ಲ, ನಿಮಗಾಗಿ ಬೋನಸ್ ಕಾಯುತ್ತಿದೆ. ಬೇರೆ ಯಾರೂ ಕರೆಯುವುದಿಲ್ಲ.

ಆಫೀಸಿಗೂ ತಗೊಂಡು ಹೋಗುತ್ತೇನೆ. ಡ್ರಾಯರಿನಲ್ಲಿ, ನಿಂಬೆಹಣ್ಣಿನ ಪಕ್ಕ. ಹಣ್ಣು ಒಣಗಿ ಗೋಲಿಯಾಗಿದೆ. ಎಸೆಯಲು ಆಗಿಲ್ಲ.

ಅಕ್ಟೋಬರ್ 9, ಗುರುವಾರ

ಹೊಸ ಅಧ್ಯಕ್ಷರ ನೇಮಕ. ಬಿಳಿ ಚೀಟಿ ಕೀಳಲು ಹೋದೆ, ಕೆಳಗಿನ ಕಾಗದವೂ ಕಿತ್ತುಬಂತು. ಇನ್ನೊಂದು ಅಂಟಿಸಿ ಹೆಸರು ಬರೆದೆ. ಕೈಬರಹ ಚೆನ್ನಾಗಿ ಬಂದಿದೆ ಅಂತ ಸುಲ್ತಾನಸಾಬರು ಅಂದರು.

ಅಕ್ಟೋಬರ್ 30, ಗುರುವಾರ. ಮಧ್ಯಾಹ್ನ 3.10

ಡ್ರಾಯರಿನಲ್ಲಿ ಟಿಣ್ ಅಂತು. ಮತ್ತೆ ಆ ಬೋನಸ್ಸೇ ಇರಬೇಕು ಅಂದುಕೊಂಡು ಬಿಟ್ಟೆ. ಆಮೇಲೆ ತೆಗೆದೆ.

ನಮ್ಮ ಪ್ರಾಧಿಕಾರದ್ದು.

'ಶ್ರೀ ದೇವಿಂದ್ರಪ್ಪ, ತಮ್ಮ ಅರ್ಜಿಯಲ್ಲಿನ ವಿಳಂಬವನ್ನು ಮಾನ್ಯ ಅಧ್ಯಕ್ಷರು ವಿಶೇಷ ಪ್ರಕರಣವೆಂದು ಮನ್ನಿಸಿದ್ದಾರೆ. ದಿನಾಂಕ 04.11ರಂದು ಬೆಳಿಗ್ಗೆ 11ಕ್ಕೆ ಯಾದಗಿರಿ ಘಟಕಕ್ಕೆ ಖುದ್ದು ಹಾಜರಾಗಿ ಎರಡನೇ ಸಹಿ ಮಾಡತಕ್ಕದ್ದು. ಗೈರಾದಲ್ಲಿ ಕಡತ ಶಾಶ್ವತವಾಗಿ ಮುಕ್ತಾಯ.'

ನಾಲ್ಕು ಸಲ ಓದಿದೆ. ಸುಲ್ತಾನಸಾಬರಿಗೆ ಓದಿ ಹೇಳಿದೆ. ಅವರು ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಕೂತರು. 

ಬಂದರೂ ಬಂದಾನು. ಇನ್ನೂ ಐದು ದಿನ ಇದೆ. ಎಲ್ಲಿಂದಾದರೂ ಒಂದು ಸಲ ತನ್ನ ನಂಬರಿಗೆ ಫೋನು ಮಾಡಿದರೆ ಸಾಕು, ಹೇಳಿಬಿಡುತ್ತೇನೆ. ಬಾರಪ್ಪ, ಈ ಸಲ ನಾನು ಒಳಗೇ ಇರುತ್ತೇನೆ ಅನ್ನುತ್ತೇನೆ. ನಿಯಮಕ್ಕೆ ಬೆಂಕಿ ಬೀಳಲಿ.

ನವೆಂಬರ್ 4, ಮಂಗಳವಾರ. ಬೆಳಿಗ್ಗೆ 10.40. ಹೊರಗಿನ ಬೆಂಚು

ಫೋನು ಬರಲಿಲ್ಲ.

ದುರಗಪ್ಪ ಸಾಹೇಬರು ಒಂಬತ್ತೂವರೆಗೇ ಬಂದಿದ್ದಾರೆ. ಕಲಬುರಗಿಯಿಂದ ಬೆಳಗಿನ ಮೊದಲ ಬಸ್ಸು. ಸ್ಟಾಂಪ್ ಪ್ಯಾಡು, ಪೆನ್ನು ಎಲ್ಲ ತಾವೇ ಜೋಡಿಸಿಕೊಂಡರು. "ನೀ ಇಲ್ಲೇ ಕುಂದ್ರಮ್ಮ, ಏನೂ ಆಗಂಗಿಲ್ಲ," ಅಂದರು. ನಾನೇ ಹೊರಗೆ ಬಂದೆ. ಬಂದರೆ ಮೊದಲು ಬೆಂಚಿನ ಹತ್ತಿರವೇ ಬರುತ್ತಾನೆ. ದೂರದಿಂದಲೇ ಕಾಣಲಿ ನಾನು. ದಿನಚರಿ ತೊಡೆಯ ಮೇಲೆ. ಎಡಗೈಯಲ್ಲಿ ಅವನ ಫೋನು. ನೂರು ಪರ್ಸೆಂಟ್.

10.55

ಇಸ್ತ್ರಿ ಅಂಗಿಯವನೊಬ್ಬ ಮೂಲೆ ತಿರುಗಿ ಬಂದ. ಎದ್ದು ನಿಂತೆ. ಸರ್ವೆ ಆಫೀಸು ಎಲ್ಲಿ ಅಂದ.

11.10

ವಿಚಾರಣೆಯ ಪದ್ಧತಿ — ಜವಾನ ಬಾಗಿಲಲ್ಲಿ ನಿಂತು ಮೂರು ಸಲ ಹೆಸರು ಕೂಗಬೇಕು. ಸಲಕ್ಕೆ ಐದು ನಿಮಿಷ ಬಿಡುವು. ಮೂರಕ್ಕೂ ಬರದಿದ್ದರೆ 'ಗೈರು' ಅಂತ ಬರೆದು ಮುಚ್ಚಬೇಕು.

ಮೊದಲನೆಯದು ಆಯಿತು. "ದೇವಿಂದ್ರಪ್ಪ ತಂದೆ ಮರಿಲಿಂಗಪ್ಪ, ಸಾಕಿನ್ ಗೋಗಿ, ಹಾಜರ್..." ಬೆಂಚಿನ ಮೇಲೆ ನಾನೊಬ್ಬಳೇ. ಸುಲ್ತಾನಸಾಬರು ನನ್ನ ಕಡೆ ನೋಡದೆ, ನನ್ನ ತಲೆಯ ಮೇಲಿಂದ ಗೇಟಿನ ಕಡೆಗೆ ಕೂಗಿದರು.

11.15

ಎರಡನೆಯದು. ಈ ಸಲ ಬರೀ "ದೇವೂ..." ಅಂದರು. ನಿಯಮದಲ್ಲಿ ಹಾಗಿಲ್ಲ. ಸಾಹೇಬರು ಒಳಗಿನಿಂದ ಏನೂ ಅನ್ನಲಿಲ್ಲ.

11.19

ಒಂದು ನಿಮಿಷ ಇದೆ. ಗೇಟಿನಲ್ಲಿ ಆಟೋ ಬಂದು ನಿಂತಿದೆ, ಯಾರೂ ಇಳಿಯುತ್ತಿಲ್ಲ. ಹಣ್ಣು ಬ್ಯಾಗಿನಲ್ಲಿದೆ, ತಂದಿದ್ದೇನೆ. ಅವನ ಬದಲು ನಾನು ಹಾಕುತ್ತೇನೆ ಅಂದರೆ, ಅಕ್ಕ ಅಂತ, ರಕ್ತಸಂಬಂಧ ಅಂತ, ಒಂದೇ ಒಂದು ಸಹಿ... ಬಾಗಿಲು ಸರಿಯಿತು. ಸುಲ್ತಾನಸಾಬರು ನಿಂತಿದ್ದಾರೆ. ಈ ಸಲ ನನ್ನನ್ನೇ ನೋಡುತ್ತಿದ್ದಾರೆ. ಕೂಗಬೇಡಿ ಅನ್ನಬೇಕು, ಇನ್ನೊಂದು ನಿಮಿಷ ಅನ್ನಬೇಕು, ಇನ್ನೊಂದೇ —